ಇನ್‌ಸ್ಟಾಲ್ ಒತ್ತುವ ಮುನ್ನ

ವಿಡಿಯೋ ಕಾನ್ಫರೆನ್ಸ್ ತಂತ್ರಾಂಶವನ್ನು ಮನೆಯ ಕಂಪ್ಯೂಟರಿಗೆ ಹಾಕಿಕೊಳ್ಳುವ ವಿಚಾರವಾಗಿ ಇವತ್ತು ಮಾತಾಡುತ್ತೇನೆ. ಇಷ್ಟಕ್ಕೆ ಒಂದು ಭಾಷಣ ಬೇಕೇ, ಲಿಂಕ್ ಒತ್ತಿದರೆ ತಾನಾಗಿ ಡೌನ್‌ಲೋಡ್ ಆಗುತ್ತದೆ, ಇನ್ನೆರಡು ಸಲ ಒತ್ತಿದರೆ ಕೆಲಸ ಮುಗಿಯಿತು ಎಂದು ಯಾರಿಗಾದರೂ ಅನ್ನಿಸಬಹುದು. ನನ್ನ ಮಾತೆಲ್ಲ ಆ ಎರಡು ಸಲ ಒತ್ತುವುದರ ಸುತ್ತಲೇ ಇದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಪಾಠ, ಕಚೇರಿಯ ಮೀಟಿಂಗು, ಕೋರ್ಟಿನ ವಾದ, ವೈದ್ಯರ ಸಲಹೆ ಎಲ್ಲವೂ ಪರದೆಯ ಮೇಲೆ ಬಂದು ಕೂತವು. ಝೂಮ್ ಕಂಪನಿ ಕೊಟ್ಟ ಲೆಕ್ಕದ ಪ್ರಕಾರ, 2019ರ ಡಿಸೆಂಬರಿನಲ್ಲಿ ಅದರ ವಿಡಿಯೋ ಸಭೆಗಳಲ್ಲಿ ದಿನಕ್ಕೆ ಒಂದು ಕೋಟಿಯಷ್ಟಿದ್ದ ಹಾಜರಿ 2020ರ ಏಪ್ರಿಲಿಗೆ ಮೂವತ್ತು ಕೋಟಿ ಆಯಿತು. ಒಬ್ಬರೇ ಮೂರು ಸಭೆಗೆ ಹೋದರೆ ಮೂರು ಎಂದು ಎಣಿಸುವ ಲೆಕ್ಕ ಅದು. ಹಾಗಿದ್ದರೂ ಸಣ್ಣ ಸಂಖ್ಯೆಯೇನಲ್ಲ. ಕ್ಯಾಮೆರಾ, ಮೈಕು ಎರಡನ್ನೂ ಕೇಳುವ ಒಂದು ತಂತ್ರಾಂಶ ನಾಲ್ಕೇ ತಿಂಗಳಲ್ಲಿ ಅಷ್ಟೊಂದು ಮನೆಗಳನ್ನು ಹೊಕ್ಕಿತು, ಅದೂ ಅವಸರದಲ್ಲಿ, ಬಹಳ ಕಡೆ ಓದಿ ನೋಡದೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಇನ್‌ಸ್ಟಾಲ್ ಮಾಡುವಾಗ ಕಂಪ್ಯೂಟರು ನಮ್ಮನ್ನು ತಡೆದು ಕೇಳುವ ಪ್ರಶ್ನೆಗಳನ್ನು ನಾವು ಕಿರಿಕಿರಿ ಎಂದುಕೊಂಡಿದ್ದೇವೆ. ಆದರೆ ಆ ಯಂತ್ರಕ್ಕೆ ಯಜಮಾನರು ಯಾರು ಎಂಬುದು ತೀರ್ಮಾನವಾಗುವುದೇ ಆ ಪ್ರಶ್ನೆಗಳಲ್ಲಿ. ಅವನ್ನು ನಾವೇ ಓದಬೇಕು, ನಾವೇ ಉತ್ತರಿಸಬೇಕು.

ಮೊದಲು ಇನ್‌ಸ್ಟಾಲ್ ಎಂದರೆ ಏನಾಗುತ್ತದೆ ಎಂಬುದನ್ನು ನೋಡೋಣ. ವಿಡಿಯೋ ಸಭೆಗೆ ಸೇರಲು ಎರಡು ದಾರಿಗಳಿವೆ. ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರಿನಲ್ಲೇ ಸೇರುವುದು ಒಂದು. ಸಭೆಗೆಂದೇ ಇರುವ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವುದು ಇನ್ನೊಂದು. ಬ್ರೌಸರಿನಲ್ಲಿ ಸೇರುವವರು ಜಗಲಿಯಲ್ಲಿ ಕೂತು ಮಾತಾಡಿ ಹೋಗುವ ಅತಿಥಿಯಂತೆ. ಇನ್‌ಸ್ಟಾಲ್ ಆದದ್ದು ಒಳಮನೆಯಲ್ಲಿ ಒಂದು ಕೋಣೆ ಹಿಡಿದಂತೆ. ಬ್ರೌಸರು ತಾನು ತೆರೆದ ಪುಟವನ್ನು ಒಂದು ಕಟ್ಟಿನೊಳಗೆ ಇಟ್ಟಿರುತ್ತದೆ. ಆ ಪುಟ ನಮ್ಮ ಫೈಲುಗಳನ್ನು ತನ್ನಷ್ಟಕ್ಕೆ ತೆರೆದು ನೋಡುವಂತಿಲ್ಲ, ಕ್ಯಾಮೆರಾ ಬೇಕಾದರೆ ಕೇಳಬೇಕು, ಪುಟ ಮುಚ್ಚಿದರೆ ಅದರ ಆಟ ಮುಗಿಯಿತು. ಇನ್‌ಸ್ಟಾಲ್ ಆದ ತಂತ್ರಾಂಶ ಹಾಗಲ್ಲ. ವಿಂಡೋಸಿನಲ್ಲಿ ಅಂಥ ಪ್ರೋಗ್ರಾಮು ಸಾಮಾನ್ಯವಾಗಿ ನಮ್ಮ ಹೆಸರಿನಲ್ಲೇ, ನಮಗಿರುವ ಅಧಿಕಾರದಲ್ಲೇ ಓಡುತ್ತದೆ. ಕಂಪ್ಯೂಟರ್ ಆನ್ ಆದಾಗ ತಾನೂ ಏಳಬಲ್ಲದು, ಕಿಟಕಿ ಮುಚ್ಚಿದ ಮೇಲೂ ಮೂಲೆಯಲ್ಲಿ ಎಚ್ಚರವಾಗಿ ಇರಬಲ್ಲದು, ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳಬಲ್ಲದು. ವಿಂಡೋಸ್ 10ರ ಪ್ರೈವೆಸಿ ಸೆಟಿಂಗ್ಸ್ ತೆರೆದು ಕ್ಯಾಮೆರಾದ ಪುಟ ನೋಡಿ. ಮೈಕ್ರೋಸಾಫ್ಟ್ ಸ್ಟೋರಿನಿಂದ ಬಂದ ಆಪ್‌ಗಳಿಗೆ ಒಂದೊಂದಕ್ಕೂ ಬೇರೆ ಸ್ವಿಚ್ಚು ಇರುತ್ತದೆ. ಹೊರಗಿನಿಂದ ಡೌನ್‌ಲೋಡ್ ಮಾಡಿ ಹಾಕಿದ ಎಲ್ಲ ಡೆಸ್ಕ್‌ಟಾಪ್ ಪ್ರೋಗ್ರಾಮುಗಳಿಗೂ ಸೇರಿ ಇರುವುದು ಒಂದೇ ಸ್ವಿಚ್ಚು. ಅಂದರೆ ಇದು ಬೇಡ, ಅದು ಬೇಕು ಎಂದು ವಿಂಗಡಿಸಲು ಆಮೇಲೆ ಹೆಚ್ಚಿನ ಅವಕಾಶ ಇಲ್ಲ. ವಿಂಗಡಿಸುವುದೇನಿದ್ದರೂ ಇನ್‌ಸ್ಟಾಲ್ ಮಾಡುವ ಮೊದಲೇ.

ಇದೆಲ್ಲ ಬರೀ ಊಹೆಯ ಭಯ ಎನ್ನುವವರಿಗೆ 2019ರ ಜುಲೈ ತಿಂಗಳ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಪಲ್ ಕಂಪನಿ ತನ್ನ ಸಫಾರಿ ಬ್ರೌಸರಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿತ್ತು. ವೆಬ್ ಪುಟವೊಂದು ಕಂಪ್ಯೂಟರಿನ ಬೇರೆ ತಂತ್ರಾಂಶವನ್ನು ತೆರೆಯಲು ಹೊರಟರೆ, ತೆರೆಯಲೇ ಎಂದು ಒಮ್ಮೆ ಕೇಳುವ ಏರ್ಪಾಡು ಅದು. ಝೂಮ್ ಕಂಪನಿಗೆ ಆ ಒಂದು ಪ್ರಶ್ನೆ ಅಡ್ಡಿಯಾಗಿ ಕಂಡಿತು. ಲಿಂಕ್ ಒತ್ತಿದ ಕೂಡಲೇ ಸಭೆಗೆ ಸೇರಬೇಕು, ನಡುವೆ ಇನ್ನೊಂದು ಒತ್ತು ಇರಬಾರದು ಎಂದು ಅದು ಮ್ಯಾಕ್ ಕಂಪ್ಯೂಟರುಗಳಲ್ಲಿ ತನ್ನ ತಂತ್ರಾಂಶದ ಜೊತೆಗೆ ಒಂದು ಚಿಕ್ಕ ವೆಬ್ ಸರ್ವರನ್ನೂ ಬಳಕೆದಾರರಿಗೆ ಹೇಳದೆ ಹಾಕುತ್ತಿತ್ತು. ಆ ಸರ್ವರು ಸಫಾರಿಯ ಪ್ರಶ್ನೆಯನ್ನು ತಪ್ಪಿಸಿ ನೇರವಾಗಿ ಝೂಮನ್ನು ತೆರೆಯುತ್ತಿತ್ತು. ಜೋನಾಥನ್ ಲೈಟ್‌ಶೂ ಎಂಬ ಭದ್ರತಾ ಸಂಶೋಧಕರು ಇದನ್ನು ಬಯಲಿಗೆ ತಂದಾಗ ಎರಡು ವಿಷಯ ಗೊತ್ತಾದವು. ದುರುದ್ದೇಶದ ಯಾವುದಾದರೂ ವೆಬ್ ಪುಟ ತನ್ನೊಳಗೆ ಸಭೆಯ ಲಿಂಕನ್ನು ಅಡಗಿಸಿಟ್ಟರೆ, ಅದನ್ನು ತೆರೆದವರನ್ನು ಅವರ ಒಪ್ಪಿಗೆಯಿಲ್ಲದೆ ಸಭೆಗೆ ಎಳೆದು ಕ್ಯಾಮೆರಾ ಆನ್ ಮಾಡಿಸಲು ಸಾಧ್ಯವಿತ್ತು. ಎರಡನೆಯದು ಇನ್ನೂ ಗಂಭೀರ. ಝೂಮನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಆ ಸರ್ವರು ಉಳಿದುಕೊಳ್ಳುತ್ತಿತ್ತು. ಮುಂದೆ ಯಾವಾಗಲಾದರೂ ಸಭೆಯ ಲಿಂಕ್ ತೆರೆದರೆ ತಂತ್ರಾಂಶವನ್ನು ಅದೇ ಮತ್ತೆ ತಂದು ಕೂರಿಸುತ್ತಿತ್ತು. ಬಳಕೆದಾರರಿಗೆ ಅನುಕೂಲವಾಗಲಿ ಎಂದು ಹಾಗೆ ಮಾಡಿದ್ದೆಂದು ಕಂಪನಿ ಮೊದಲು ಸಮರ್ಥಿಸಿಕೊಂಡಿತು, ಟೀಕೆ ಜೋರಾದ ಮೇಲೆ ಸರ್ವರನ್ನು ತೆಗೆಯಿತು. ಆಪಲ್ ಕೂಡ ಸದ್ದಿಲ್ಲದ ಒಂದು ಅಪ್‌ಡೇಟ್ ಕಳಿಸಿ ಎಲ್ಲ ಮ್ಯಾಕ್‌ಗಳಿಂದ ಅದನ್ನು ಕಿತ್ತುಹಾಕಿತು. ಉಳಿಸಲು ಹೊರಟದ್ದು ಒಂದು ಒತ್ತು. ಅದಕ್ಕಾಗಿ ಕಳೆದದ್ದು ತಮ್ಮ ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ತಿಳಿಯುವ ಬಳಕೆದಾರರ ಅಧಿಕಾರ.

ಮರುವರ್ಷವೂ ಇಂಥದೇ ಇನ್ನೊಂದು ಬೆಳಕಿಗೆ ಬಂತು. ಮ್ಯಾಕ್‌ನಲ್ಲಿ ಇನ್‌ಸ್ಟಾಲರ್ ತೆರೆದರೆ ಮೊದಲು ಈ ಯಂತ್ರಕ್ಕೆ ತಂತ್ರಾಂಶ ಹೊಂದುತ್ತದೆಯೇ ಎಂದು ಪರೀಕ್ಷಿಸುವ ಒಂದು ಹಂತ ಇರುತ್ತದೆ. ಆಮೇಲೆ ಕೆಲವು ಪುಟಗಳು ಬಂದು ಕಡೆಯಲ್ಲಿ ಇನ್‌ಸ್ಟಾಲ್ ಎಂಬ ಗುಂಡಿ ಸಿಗುತ್ತದೆ. ಝೂಮಿನ ಇನ್‌ಸ್ಟಾಲರ್ ಆ ಪರೀಕ್ಷೆಯ ಹಂತದಲ್ಲೇ ತಂತ್ರಾಂಶವನ್ನು ಕೂರಿಸಿ ಮುಗಿಸುತ್ತಿತ್ತು. ಬಳಕೆದಾರರು ಕಡೆಯ ಗುಂಡಿ ಒತ್ತುವ ಪ್ರಮೇಯವೇ ಬರುತ್ತಿರಲಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಇದನ್ನು ತಜ್ಞರು ಎತ್ತಿ ತೋರಿಸಿದ ಮೇಲೆ ಕೆಲವೇ ದಿನಗಳಲ್ಲಿ ಕಂಪನಿ ತಿದ್ದಿಕೊಂಡಿತು. ಅದೇ ವರ್ಷದ ಏಪ್ರಿಲಿನಲ್ಲಿ ನಮ್ಮ ಕೇಂದ್ರ ಗೃಹ ಸಚಿವಾಲಯ ಝೂಮ್ ಸುರಕ್ಷಿತ ವೇದಿಕೆಯಲ್ಲ, ಸರ್ಕಾರಿ ಅಧಿಕಾರಿಗಳು ಕಚೇರಿ ಕೆಲಸಕ್ಕೆ ಬಳಸತಕ್ಕದ್ದಲ್ಲ ಎಂದು ಸಲಹಾಪತ್ರ ಹೊರಡಿಸಿತು. ಖಾಸಗಿಯಾಗಿ ಬಳಸುವವರಿಗೆ ಯಾವ ಸೆಟಿಂಗ್ ಹೇಗಿರಬೇಕೆಂದು ಪಟ್ಟಿ ಮಾಡಿಕೊಟ್ಟಿತು. ನವೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಝೂಮ್ ಜೊತೆಗಿನ ರಾಜಿ ಒಪ್ಪಂದವನ್ನು ಪ್ರಕಟಿಸಿತು. ಅದರ ಆರೋಪಪಟ್ಟಿಯಲ್ಲಿ ಮ್ಯಾಕ್‌ನ ಆ ಸರ್ವರಿನ ವಿಷಯವೂ ಇತ್ತು, ಕನಿಷ್ಠ 2016ರಿಂದ ಕಂಪನಿ ತನ್ನ ಸಭೆಗಳು ಈ ತುದಿಯಿಂದ ಆ ತುದಿಯವರೆಗೆ, ನಡುವೆ ಯಾರೂ ಓದಲಾಗದಂತೆ, ಗೂಢಲಿಪಿಯಲ್ಲಿ ಸಾಗುತ್ತವೆ ಎಂದು ಹೇಳಿಕೊಂಡು ಬಳಕೆದಾರರನ್ನು ತಪ್ಪುದಾರಿಗೆ ಎಳೆದಿದೆ ಎಂಬ ವಿಷಯವೂ ಇತ್ತು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಇವೆಲ್ಲ ಹಳೆಯ ಕತೆ, ಎಲ್ಲವನ್ನೂ ಸರಿಪಡಿಸಿದ್ದಾರೆ, ಈಗ ಯಾಕೆ ಕೆದಕಬೇಕು ಎಂಬುದು. ಸರಿಪಡಿಸಿದ್ದು ನಿಜ, ಅದನ್ನು ಒಪ್ಪದಿದ್ದರೆ ಅನ್ಯಾಯವಾಗುತ್ತದೆ. ಝೂಮ್ 2020ರ ಏಪ್ರಿಲಿನಿಂದ 90 ದಿನ ಹೊಸ ಸೌಲಭ್ಯಗಳ ಕೆಲಸವನ್ನು ನಿಲ್ಲಿಸಿ ಭದ್ರತೆಗೆ ಕೈ ಹಾಕಿತು. ಅಕ್ಟೋಬರಿನಲ್ಲಿ ನಿಜವಾದ ತುದಿಯಿಂದ ತುದಿಯ ಗೂಢಲಿಪಿಯನ್ನು ತಂದಿತು. ನಾನು ಈ ಒಂದು ಕಂಪನಿಯ ಹೆಸರನ್ನು ಮತ್ತೆ ಮತ್ತೆ ಹೇಳುತ್ತಿರುವುದು ಅದರ ವಿಷಯ ಹೆಚ್ಚು ದಾಖಲಾಗಿದೆ ಎಂಬ ಕಾರಣಕ್ಕೆ, ಉಳಿದವರೆಲ್ಲ ಸಾಚಾ ಎಂಬ ಕಾರಣಕ್ಕಲ್ಲ. ಆದರೆ ತಿದ್ದುಪಡಿ ಹೇಗೆ ಬಂತು ಎಂಬುದನ್ನು ಗಮನಿಸಬೇಕು. ಯಾರೋ ಸಂಶೋಧಕರು ಪ್ರಶ್ನೆ ಕೇಳಿದರು, ಪತ್ರಿಕೆಗಳು ಬರೆದವು, ಸರ್ಕಾರಗಳು ಎಚ್ಚರಿಸಿದವು, ಆಮೇಲೆ ಬಂತು. ಸಭೆಗೆ ಸೇರುವುದು ಎಷ್ಟು ಸಲೀಸೋ ಅಷ್ಟು ಬಳಕೆದಾರರು ಹೆಚ್ಚುತ್ತಾರೆ ಎಂಬ ವ್ಯಾಪಾರದ ಲೆಕ್ಕ ಅಂದೂ ಇತ್ತು, ಇಂದೂ ಇದೆ. ಆ ಲೆಕ್ಕ ಇರುವವರೆಗೆ ನಡುವಿನ ಪ್ರಶ್ನೆಯನ್ನು ಕಿತ್ತುಹಾಕುವ ಆಸೆಯೂ ಇರುತ್ತದೆ. ಅದಕ್ಕೆ ಎದುರಾಗಿ ನಿಲ್ಲಬಲ್ಲದ್ದು ಪ್ರಶ್ನೆ ಓದುವ ಬಳಕೆದಾರರ ಅಭ್ಯಾಸ.

ಹಾಗಾದರೆ ಯಾವಾಗಲೂ ಬ್ರೌಸರಿನಲ್ಲೇ ಸೇರಿ, ಏನನ್ನೂ ಇನ್‌ಸ್ಟಾಲ್ ಮಾಡಬೇಡಿ ಎನ್ನುತ್ತೇನೆಯೇ? ಇಲ್ಲ. ಬ್ರೌಸರಿನೊಳಗೇ ಧ್ವನಿ, ಚಿತ್ರ ಹರಿಯುವಂತೆ ಮಾಡುವ ವೆಬ್‌ಆರ್‌ಟಿಸಿ ಎಂಬ ತಂತ್ರವನ್ನು ಗೂಗಲ್ 2011ರಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟಿತು, 2021ರ ಜನವರಿಯಲ್ಲಿ ಅದು ಅಧಿಕೃತ ಮಾನದಂಡವಾಯಿತು. ಗೂಗಲ್ ಮೀಟ್ ಕಂಪ್ಯೂಟರಿನಲ್ಲಿ ನಡೆಯುವುದೇ ಬ್ರೌಸರಿನಲ್ಲಿ. ಮೂಲಸಂಕೇತ ಎಲ್ಲರಿಗೂ ತೆರೆದಿರುವ ಜಿಟ್ಸಿ ಮೀಟ್ ಕೂಡ ಹಾಗೆಯೇ. ಝೂಮಿನ ಲಿಂಕ್ ತೆರೆದಾಗಲೂ ದೊಡ್ಡ ಗುಂಡಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ಬ್ರೌಸರಿನಿಂದಲೇ ಸೇರಿ ಎಂಬ ಸಾಲು ಇಂಗ್ಲಿಷಿನಲ್ಲಿ ಇರುತ್ತದೆ. ಬಹಳ ಜನರ ಕಣ್ಣಿಗೆ ಅದು ಬೀಳುವುದಿಲ್ಲ. ವರ್ಷಕ್ಕೆ ಒಂದೆರಡು ಸಭೆ, ದೂರದ ನೆಂಟರ ಮನೆಯ ನಾಮಕರಣ, ಒಂದು ಸಂದರ್ಶನ, ಇಷ್ಟಕ್ಕೆ ಆ ಸಣ್ಣ ಸಾಲೇ ಸಾಕು. ಆದರೆ ದಿನವೂ ಪಾಠ ಮಾಡುವ ಶಿಕ್ಷಕಿಗೆ, ಹತ್ತಾರು ಮುಖಗಳನ್ನು ಒಟ್ಟಿಗೆ ನೋಡಬೇಕಾದವರಿಗೆ, ಹಳೆಯ ಕಂಪ್ಯೂಟರಿನಲ್ಲಿ ಬ್ರೌಸರ್ ತಿಣುಕಾಡುವವರಿಗೆ ಇನ್‌ಸ್ಟಾಲ್ ಮಾಡಿದ ತಂತ್ರಾಂಶವೇ ಮೇಲು. ಭದ್ರತೆಯ ದೃಷ್ಟಿಯಿಂದಲೂ ಒಂದು ಮಾತು ಅದರ ಪರವಾಗಿದೆ: ಝೂಮಿನ ತುದಿಯಿಂದ ತುದಿಯ ಗೂಢಲಿಪಿ 2020ರಲ್ಲಿ ಬಂದಾಗ ಅದು ಸಿಕ್ಕಿದ್ದು ಇನ್‌ಸ್ಟಾಲ್ ಮಾಡಿಕೊಂಡವರಿಗೇ ಹೊರತು ಬ್ರೌಸರಿನಲ್ಲಿ ಸೇರುವವರಿಗಲ್ಲ. ಆದ್ದರಿಂದ ಇನ್‌ಸ್ಟಾಲ್ ಮಾಡುವುದು ತಪ್ಪಲ್ಲ. ಕಾರಣ ಇದ್ದು, ಗೊತ್ತಿದ್ದು ಮಾಡಬೇಕು ಎಂಬುದಷ್ಟೇ ನನ್ನ ವಾದ.

ಗೊತ್ತಿದ್ದು ಮಾಡುವುದು ಎಂದರೆ ಏನು ಎಂಬುದನ್ನು ವಿಂಡೋಸ್ ಕಂಪ್ಯೂಟರಿನ ಮುಂದೆ ಕೂತ ಹಾಗೆಯೇ ನೋಡೋಣ. ತಂತ್ರಾಂಶದ ಹೆಸರನ್ನು ಹುಡುಕಿದಾಗ ಮೇಲ್ಗಡೆ ಬರುವ ಒಂದೆರಡು ಸಾಲು ಜಾಹೀರಾತು ಆಗಿರಬಹುದು. ಅದನ್ನು ಬಿಟ್ಟು ಕಂಪನಿಯ ಸ್ವಂತ ಜಾಲತಾಣದ ವಿಳಾಸವನ್ನು ಬ್ರೌಸರಿನ ಮೇಲ್ತುದಿಯಲ್ಲಿ ನೀವೇ ಟೈಪ್ ಮಾಡಿ. 2020ರ ಏಪ್ರಿಲಿನಲ್ಲಿ ಟ್ರೆಂಡ್ ಮೈಕ್ರೋ ಎಂಬ ಭದ್ರತಾ ಕಂಪನಿ ಕಂಡುಹಿಡಿದ ಒಂದು ಮೋಸ ಹೀಗಿತ್ತು: ಅಸಲಿ ಝೂಮ್ ಇನ್‌ಸ್ಟಾಲರಿನ ಜೊತೆಗೇ ಡಿಜಿಟಲ್ ನಾಣ್ಯ ಗಣಿಗಾರಿಕೆಯ ಕುತಂತ್ರಾಂಶವನ್ನು ಕಟ್ಟಿ ಬೇರೆ ತಾಣಗಳಲ್ಲಿ ಬಿಟ್ಟಿದ್ದರು. ಝೂಮ್ ಸರಿಯಾಗಿಯೇ ಕೆಲಸ ಮಾಡುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಡೌನ್‌ಲೋಡ್ ಆದ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು, ಡಿಜಿಟಲ್ ಸಿಗ್ನೇಚರ್ಸ್ ಎಂಬ ಹಾಳೆಯನ್ನು ನೋಡಿ. ಅಲ್ಲಿ ಸಹಿ ಮಾಡಿದವರ ಹೆಸರಿನ ಜಾಗದಲ್ಲಿ ಕಂಪನಿಯ ಹೆಸರೇ ಇರಬೇಕು. ಆ ಹಾಳೆಯೇ ಇಲ್ಲದಿದ್ದರೆ, ಬೇರೆ ಹೆಸರಿದ್ದರೆ, ಫೈಲನ್ನು ಅಳಿಸಿಬಿಡಿ. ಇದು ಮುಖ್ಯ ಏಕೆಂದರೆ ಝೂಮ್ ವಿಂಡೋಸಿನಲ್ಲಿ ಸಾಮಾನ್ಯವಾಗಿ ಬಳಕೆದಾರರ ಸ್ವಂತ ಫೋಲ್ಡರಿನೊಳಗೇ ಕೂರುತ್ತದೆ. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಡ. ಪರದೆ ಮಬ್ಬಾಗಿ, ಈ ಪ್ರೋಗ್ರಾಮಿಗೆ ಬದಲಾವಣೆ ಮಾಡಲು ಬಿಡುತ್ತೀರಾ ಎಂದು ಕೇಳುವ ಆ ಪೆಟ್ಟಿಗೆ ಬಾರದೆಯೂ ಇರಬಹುದು. ಯಂತ್ರ ಕೇಳದಿದ್ದಾಗ ನಾವೇ ಕೇಳಿಕೊಳ್ಳಬೇಕು. ಹಾಕಿದ ಮೇಲೆ ಸೆಟಿಂಗ್ಸ್ ತೆರೆದು, ಕಂಪ್ಯೂಟರಿನ ಜೊತೆಗೇ ತಾನೂ ಶುರುವಾಗುವ ಆಯ್ಕೆ ಆನ್ ಆಗಿದ್ದರೆ ತೆಗೆಯಿರಿ. ಸಭೆಗೆ ಸೇರುವಾಗ ಕ್ಯಾಮೆರಾ, ಮೈಕು ಎರಡೂ ಆಫ್ ಇರುವಂತೆ ಮಾಡಿ. ಪ್ರಯೋಗದ ಸಭೆಯೊಂದನ್ನು ತೆರೆದು ಧ್ವನಿ, ಚಿತ್ರ ನೋಡಿಕೊಳ್ಳಿ. ಇಷ್ಟಕ್ಕೆ ಬೇಕಾಗುವುದು ಕೆಲವು ನಿಮಿಷ.

ನನ್ನ ಕಂಪ್ಯೂಟರಿನಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ, ನನಗ್ಯಾಕೆ ಈ ಉಪದ್ವ್ಯಾಪ ಎನ್ನುವವರು ಬಹಳ ಜನ. ಅವರಿಗೆ ಡಿಜಿಟಲ್ ಅರೆಸ್ಟ್ ಎಂಬ ಮೋಸವನ್ನು ನೆನಪು ಮಾಡಬೇಕು. ಪೊಲೀಸರು, ಸಿಬಿಐನವರು ಎಂದು ಫೋನ್ ಮಾಡುತ್ತಾರೆ, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ ಎನ್ನುತ್ತಾರೆ, ಈಗಲೇ ವಿಡಿಯೋ ಆಪ್ ಹಾಕಿಕೊಳ್ಳಿ, ಕ್ಯಾಮೆರಾ ಆರಿಸಬೇಡಿ ಎಂದು ಗದರಿಸಿ, ಗಂಟೆಗಟ್ಟಲೆ ಪರದೆಯ ಮುಂದೆ ಕೂರಿಸಿ ದುಡ್ಡು ಕಿತ್ತುಕೊಳ್ಳುತ್ತಾರೆ. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯವರೇ ಇದರ ಬಗ್ಗೆ ಎಚ್ಚರಿಸಿ, ಇಂಥ ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ ಎಂದು ಹೇಳಬೇಕಾಯಿತು. ಅದಕ್ಕೂ ಮೊದಲು, 2019ರ ಫೆಬ್ರುವರಿಯಲ್ಲಿ, ದೂರದಿಂದ ನಮ್ಮ ಪರದೆಯನ್ನು ನೋಡಿ ನಡೆಸಬಲ್ಲ ಎನಿಡೆಸ್ಕ್ ಎಂಬ ಆಪ್ ಹಾಕಿಸಿ ಖಾತೆ ಬರಿದು ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಈ ಮೋಸಗಳಲ್ಲಿ ತಂತ್ರಾಂಶದ್ದು ಯಾವ ದೋಷವೂ ಇಲ್ಲ. ವಿಡಿಯೋ ಆಪೂ ಅಸಲಿ, ಎನಿಡೆಸ್ಕೂ ಅಸಲಿ. ಹಾಕಿಕೊಂಡವರು ತಾವೇ ಗುಂಡಿ ಒತ್ತಿದ್ದಾರೆ, ಆದರೆ ತೀರ್ಮಾನ ಅವರದ್ದಾಗಿರಲಿಲ್ಲ. ಬೇರೆಯವರ ಅವಸರಕ್ಕೆ ಗುಂಡಿ ಒತ್ತುವ ರೂಢಿ ಇದ್ದವರೇ ಇಂಥವರಿಗೆ ಸುಲಭವಾಗಿ ಸಿಗುತ್ತಾರೆ. ಫೋನಿನಲ್ಲಿ ಇರುವವರು ಈಗಲೇ ಇನ್‌ಸ್ಟಾಲ್ ಮಾಡಿ ಎಂದರೆ, ಅವರು ಯಾರೇ ಆಗಿರಲಿ, ಫೋನ್ ಇಟ್ಟುಬಿಡಿ. ಮೋಸ ಆಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತಡೆದು ಕೇಳುವ ಏರ್ಪಾಡಿನ ಬೆಲೆ ಸಭೆಯ ಒಳಗೂ ಅಷ್ಟೇ. ಲಾಕ್‌ಡೌನಿನ ಮೊದಲ ವಾರಗಳಲ್ಲಿ ಲಿಂಕ್ ಸಿಕ್ಕವರೆಲ್ಲ ನೇರ ನುಗ್ಗಿ ಪಾಠಗಳನ್ನು ಕೆಡಿಸುತ್ತಿದ್ದರು. 2020ರ ಏಪ್ರಿಲಿನಲ್ಲಿ ಝೂಮ್ ಪಾಸ್‌ಕೋಡನ್ನೂ, ಬಂದವರನ್ನು ಹೊರಗೆ ಕಾಯಿಸುವ ವೇಟಿಂಗ್ ರೂಮನ್ನೂ ಉಚಿತ ಖಾತೆಗಳಿಗೆ ತಾನಾಗಿ ಆನ್ ಇರುವಂತೆ ಬದಲಿಸಿತು. ಸೇರುವುದು ಒಂದು ಹೆಜ್ಜೆ ತಡವಾಯಿತು; ಅದರಿಂದ ವಿಡಿಯೋ ಸಭೆಗಳ ಬಳಕೆ ಕುಗ್ಗಿದ್ದೇನೂ ಕಾಣಲಿಲ್ಲ. ನಮ್ಮ ರಾಜ್ಯದಲ್ಲೇ, 2023ರ ಡಿಸೆಂಬರ್ ಮೊದಲ ವಾರದಲ್ಲಿ ಹೈಕೋರ್ಟಿನ ಕಲಾಪದ ವಿಡಿಯೋ ಸಭೆಗಳಿಗೆ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯಗಳನ್ನು ತೋರಿಸಿದರು. ವಿಡಿಯೋ ಕಾನ್ಫರೆನ್ಸನ್ನೂ ನೇರಪ್ರಸಾರವನ್ನೂ ಹೈಕೋರ್ಟು ಕೆಲಕಾಲ ನಿಲ್ಲಿಸಬೇಕಾಯಿತು. ಕಲಬುರಗಿಯಲ್ಲೋ ಧಾರವಾಡದಲ್ಲೋ ಕೂತು ಬೆಂಗಳೂರಿನ ಪೀಠದ ಮುಂದೆ ವಾದಿಸಬಹುದಾದ ಸೌಲಭ್ಯ ಎಷ್ಟು ದೊಡ್ಡದು ಎಂಬುದನ್ನು ವಕೀಲರೂ ಕಕ್ಷಿದಾರರೂ ಬಲ್ಲರು. ಎಲ್ಲರಿಗೂ ತೆರೆದಿರಬೇಕಾದ ನ್ಯಾಯಾಲಯದಲ್ಲೂ, ಯಾರು ಒಳಗೆ ಬರಬಹುದು, ಯಾರು ಪರದೆ ಹಂಚಿಕೊಳ್ಳಬಹುದು ಎಂದು ನಿಂತು ಕೇಳುವ ಹಂತ ಇಲ್ಲದಿದ್ದರೆ ಎಲ್ಲರ ಸೌಲಭ್ಯವೂ ಒಟ್ಟಿಗೆ ಹೋಗುತ್ತದೆ.

ಕಡೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಪ್ರಶ್ನೆಗಳನ್ನು ಓದಿ ಎನ್ನುತ್ತೀರಿ, ಅವು ಬರುವುದು ಇಂಗ್ಲಿಷಿನಲ್ಲಿ. ಮನೆಯ ಹಿರಿಯರು ಓದುವುದು ಹೇಗೆ? ಆದ್ದರಿಂದ ಮಗನೋ, ಮೊಮ್ಮಗಳೋ, ಪಕ್ಕದ ಅಂಗಡಿಯ ಹುಡುಗನೋ ಎಲ್ಲವನ್ನೂ ಒತ್ತಿ ಮುಗಿಸಿಕೊಡುತ್ತಾರೆ. ಸಹಾಯ ಮಾಡುವವರಲ್ಲಿ ನನ್ನ ವಿನಂತಿ: ಪೆಟ್ಟಿಗೆ ಬಂದಾಗ ಅದರಲ್ಲಿ ಏನು ಕೇಳಿದೆ ಎಂಬುದನ್ನು ಕನ್ನಡದಲ್ಲಿ ಹೇಳಿ. ಅಮ್ಮಾ, ಇದು ನಿಮ್ಮ ಕ್ಯಾಮೆರಾ ಬಳಸಲಾ ಅಂತ ಕೇಳ್ತಿದೆ, ಕೊಡೋಣವಾ ಎಂದು ಕೇಳಿ, ಗುಂಡಿಯನ್ನು ಅವರ ಕೈಯಲ್ಲೇ ಒತ್ತಿಸಿ. ಇಷ್ಟು ಮಾಡಿದರೆ ನಾಳೆ ಅಪರಿಚಿತರೊಬ್ಬರು ಫೋನಿನಲ್ಲಿ ಅದನ್ನೇ ಕೇಳಿದಾಗ, ಬೇಡ ಎನ್ನುವ ಗುಂಡಿಯೂ ಪಕ್ಕದಲ್ಲೇ ಇದೆ ಎಂದು ಅವರಿಗೆ ಗೊತ್ತಿರುತ್ತದೆ. ಆದರೆ ಹೊಣೆ ಮನೆಯವರದ್ದು ಮಾತ್ರವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ದತ್ತಾಂಶಕ್ಕಾಗಿ ಒಪ್ಪಿಗೆ ಕೇಳುವವರು ಸರಳ ಮಾತಿನಲ್ಲಿ ಕೇಳಬೇಕು, ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು ಎನ್ನುತ್ತದೆ. ಆ ಅನುಸೂಚಿಯಲ್ಲಿ ಕನ್ನಡವಿದೆ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವುದು ಕೊಟ್ಟಷ್ಟೇ ಸುಲಭವಾಗಿರಬೇಕು ಎಂದೂ ಅದೇ ಕಾಯಿದೆ ಹೇಳುತ್ತದೆ. ಕಾಯಿದೆ ಮಾತಾಡುವುದು ವೈಯಕ್ತಿಕ ದತ್ತಾಂಶದ ಬಗ್ಗೆ. ತಂತ್ರಾಂಶ ಹಾಕುವ ಪ್ರತಿಯೊಂದು ಹೆಜ್ಜೆಗೂ ಅದು ಅನ್ವಯಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಅದರ ಹಿಂದಿನ ನ್ಯಾಯ ಇನ್‌ಸ್ಟಾಲಿಗೂ ಒಪ್ಪುತ್ತದೆ. ಝೂಮನ್ನು ತೆಗೆದುಹಾಕಿದ ಮೇಲೂ ಉಳಿದು, ಅದನ್ನು ಮರಳಿ ತರುತ್ತಿದ್ದ ಆ ಸರ್ವರು ತಪ್ಪಾಗಿದ್ದು ಇದೇ ನ್ಯಾಯದಿಂದ.

ಆದುದರಿಂದ ಈ ವಾರ ಒಂದು ಕೆಲಸ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಕಂಪ್ಯೂಟರಿನ ಆಪ್‌ಗಳ ಪಟ್ಟಿ ತೆರೆದು, ವಿಡಿಯೋ ಸಭೆಯ ತಂತ್ರಾಂಶಗಳು ಯಾವುವು ಇವೆ ನೋಡಿ. ಮೈಕ್ರೋಸಾಫ್ಟ್ ಸ್ಕೈಪನ್ನು 2025ರ ಮೇ 5ರಂದು ಮುಚ್ಚಿತು. ಇನ್ನೂ ನಿಮ್ಮಲ್ಲಿ ಅದು ಉಳಿದಿದ್ದರೆ ಯಾವ ಕೆಲಸಕ್ಕೂ ಬಾರದೆ, ಕಾಲಕಾಲಕ್ಕೆ ಸಿಗಬೇಕಾದ ದುರಸ್ತಿಯೂ ಇಲ್ಲದೆ ಕೂತಿರುತ್ತದೆ. ಬಳಸದೇ ಇರುವುದನ್ನು ತೆಗೆಯಿರಿ, ಬಳಸುವುದನ್ನು ಅಪ್‌ಡೇಟ್ ಮಾಡಿ, ಬ್ರೌಸರಿನಲ್ಲಿ ಆಗುವ ಕೆಲಸವನ್ನು ಬ್ರೌಸರಿಗೇ ಬಿಡಿ. ಮುಂದೆ ಯಾವುದನ್ನಾದರೂ ಹಾಕುವಾಗ ಪರದೆಯ ಮೇಲಿನ ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿ. ಅದು ಕನ್ನಡದಲ್ಲಿ ಇರಲಿ ಎಂದು ಕಂಪನಿಗಳನ್ನು ಒತ್ತಾಯಿಸಿ. ದೂರದವರನ್ನು ಹತ್ತಿರ ತರುವ ಈ ತಂತ್ರ ನಮಗೆ ಬೇಕು, ನಮ್ಮ ಮಕ್ಕಳ ಪಾಠಕ್ಕೂ ಹಿರಿಯರ ಔಷಧಿಗೂ ನ್ಯಾಯಾಲಯದ ಬಾಗಿಲಿಗೂ ಬೇಕು. ನಮ್ಮನ್ನು ಕೇಳಿ ಒಳಗೆ ಬರುವುದನ್ನೂ, ಬೇಡವೆಂದಾಗ ಹೊರಗೆ ಹೋಗುವುದನ್ನೂ ಅದು ಕಲಿಯಬೇಕಾದರೆ, ಕೇಳಿಸಿಕೊಳ್ಳುವುದನ್ನೂ ಬೇಡವೆನ್ನುವುದನ್ನೂ ನಾವು ಕಲಿತಿರಬೇಕು.